ಕಾಡು ಮುಗಿದ ಮೇಲೆ

ಅವರ ಮನೆಯಲ್ಲಿ ಯಾವುದು ಯಾವಾಗ ಆಯಿತು ಎಂದು ಕೇಳಿದರೆ ಉತ್ತರ ನಕ್ಷೆಯಿಂದಲೇ ಬರುತ್ತಿತ್ತು. ಬಟಾಣಿಯ ಮುಂದಿನ ಹಲ್ಲು ಬಿದ್ದದ್ದು ಅಮ್ಮ ಉತ್ತರದ ಬೆಟ್ಟಗಳನ್ನು ಬರೆಯುತ್ತಿದ್ದಾಗ. ಬಚ್ಚಲಿನ ನಲ್ಲಿ ಕೆಟ್ಟದ್ದು ಮೂರು ಬಾಯಿಯ ನದಿಯನ್ನು ಎರಡನೇ ಸಲ ಅಳಿಸಿದ ವಾರ. ಅಪ್ಪನಿಗೆ ಬೆನ್ನು ಹಿಡಿದುಕೊಂಡದ್ದು ಮರಳುಗಾಡಿಗೆ ಚುಕ್ಕಿ ಇಡುವ ಹೊತ್ತಿನಲ್ಲಿ. ಚುಕ್ಕಿಗಳು ಮುಗಿದರೂ ಬೆನ್ನುನೋವು ಮುಗಿದಿರಲಿಲ್ಲ.

ಬಟಾಣಿಗೆ ಎಂಟು ವರ್ಷ. ಹುಟ್ಟುವಾಗ ಅಷ್ಟೇ ಅಷ್ಟು ಇದ್ದಳೆಂದು ಅಪ್ಪ ಇಟ್ಟ ಹೆಸರು. ಈಗ ಬೀರುವಿನ ಎರಡನೇ ಅರೆಗೆ ಕೈ ನಿಲುಕುವಷ್ಟು ಬೆಳೆದಿದ್ದರೂ ಹೆಸರು ಅಲ್ಲೇ ಅಂಟಿಕೊಂಡಿತ್ತು. ಅವಳ ಅಮ್ಮ, ಎಲ್ಲೂ ಇಲ್ಲದ ದೇಶಗಳ ನಕ್ಷೆ ಬರೆಯುವವಳು. ರಾಕ್ಷಸರು, ಮಾತಾಡುವ ಬೆಟ್ಟಗಳು, ತೇಲುವ ಕೋಟೆಗಳು ಇರುವ ಕಾದಂಬರಿ ಬರೆಯುವವರು ಪುಸ್ತಕದ ಮೊದಲ ಪುಟಕ್ಕೆ ಒಂದು ನಕ್ಷೆ ಬೇಕೆಂದು ಕೇಳುತ್ತಾರೆ. ಅದನ್ನು ಅವಳು ಟ್ಯಾಬ್ಲೆಟ್ಟಿನ ಗಾಜಿನ ಮೇಲೆ ಬಿಳಿಯ ಪೆನ್ನು ಹಿಡಿದು, ಕಡಲಿನ ಅಂಚಿನಿಂದ ಶುರುಮಾಡಿ, ಗುಡ್ಡದ ಪಕ್ಕ ಗುಡ್ಡ, ಮರದ ಪಕ್ಕ ಮರ ಎಂದು ಬರೆಯುತ್ತಾ ಹೋಗುತ್ತಿದ್ದಳು. ಗಂಡನಿಗೆ ಲಿಫ್ಟ್ ರಿಪೇರಿಯ ಕೆಲಸ. "ನಾನು ಇರೋ ಮಹಡಿಗೆ ಜನಾನ ಹತ್ತಿಸೋಕೆ ಒದ್ದಾಡ್ತೀನಿ, ಇವಳು ಇಲ್ಲದ ಊರಿಗೆ ರಸ್ತೆ ಹಾಕ್ತಾಳೆ" ಎಂದು ಅವನು ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಆ ನಗುವಿನಲ್ಲಿ ಹೆಮ್ಮೆಯೂ ಇರುತ್ತಿತ್ತು.

ಈ ಸಲದ ನಕ್ಷೆಗೆ ಹೊಸದೊಂದು ಷರತ್ತಿತ್ತು. ಕಾದಂಬರಿಕಾರ್ತಿ ವಯಸ್ಸಾದವರು, ಫೋನಿನಲ್ಲಿ ನಿಧಾನವಾಗಿ ಮಾತಾಡುವವರು. "ಇನ್ನೂ ಎರಡು ಪುಸ್ತಕ ಬರೋದಿದೆ ಕಣಮ್ಮ. ಒಂದು ನಕ್ಷೆಗೆ ನಿಜವಾಗ್ಲೂ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಬರೆದಿಟ್ಟುಕೊಂಡ್ರೆ ಪ್ರಕಾಶಕರಿಗೆ ಸುಳ್ಳು ದಿನ ಹೇಳೋದು ತಪ್ಪುತ್ತೆ. ನೀನು ಪೆನ್ನು ಹಿಡಿದಾಗಿಂದ ಇಡೋವರೆಗೆ ಲೆಕ್ಕ ಇಡ್ತೀಯಾ?" ಎಂದಿದ್ದರು.

ಇಡುತ್ತೇನೆ ಎಂದು ಅವಳು ಹಳೆಯ ಫೋನೊಂದಕ್ಕೆ ಟೈಮರ್ ಹಾಕಿಕೊಂಡಳು. ಕೂರುವಾಗ ಒತ್ತಿದರೆ ಫೋನಿನ ಗಾಜಿನ ಮೇಲೆ ಬಳೆಯಂಥ ಕೆಂಪು ಉಂಗುರ ತಿರುಗತೊಡಗುತ್ತಿತ್ತು. ಏಳುವಾಗ ಒತ್ತಿದರೆ ಉಂಗುರ ಬೂದುಬಣ್ಣಕ್ಕೆ ಬಂದು ನಿಲ್ಲುತ್ತಿತ್ತು. ಫೋನನ್ನು ಪೆನ್ನಿನ ಲೋಟಕ್ಕೆ ಒರಗಿಸಿದ್ದಳು. ಮಲಗುವ ಕೋಣೆಯಲ್ಲಿ ಮಂಚಕ್ಕೂ ಕಿಟಕಿಗೂ ನಡುವೆ ಹಿಡಿಸಿದ ಮೇಜು ಅದು. ಕೋಣೆಗೆ ಬಾಗಿಲಿದ್ದರೂ ಬಟ್ಟೆ ಒಗೆಯುವ ಮೆಷಿನ್ನು ಅಡ್ಡ ಬಂದು ಅದು ಪೂರ್ತಿ ಮುಚ್ಚುತ್ತಿರಲಿಲ್ಲವಾದ್ದರಿಂದ ಪರದೆ ಕಟ್ಟಿದ್ದರು. ಪರದೆಯ ಸಂದಿಯಿಂದ ನೋಡಿದರೆ ಮೊದಲು ಕಾಣುವುದೇ ಆ ಉಂಗುರ.

ಮನೆಯ ಕಾನೂನನ್ನು ಮಾಡಿದವನು ಗಂಡ. ಮೊದಲ ವಾರ ಬಟಾಣಿ ಮಾತುಮಾತಿಗೆ ಪರದೆ ಸರಿಸಿ, "ಅಮ್ಮ, ಎರೇಸರ್ ಎಲ್ಲಿ", "ಅಮ್ಮ, ಹೊಟ್ಟೆಯೊಳಗೆ ಗುಳುಗುಳು ಅಂತಿದೆ" ಎಂದು ಬಂದಾಗಲೆಲ್ಲ ಅವಳು ಟೈಮರ್ ನಿಲ್ಲಿಸಿ, ಮತ್ತೆ ಒತ್ತಿ, ಎಲ್ಲಿಗೆ ಬಿಟ್ಟಿದ್ದೆ ಎಂದು ಹುಡುಕುವುದನ್ನು ನೋಡಿ ಅವನು ಮಗಳನ್ನು ಕರೆದು ಕೂರಿಸಿಕೊಂಡಿದ್ದ.

"ನೋಡು ಬಟಾಣಿ, ಕೆಂಪಿದ್ರೆ ಅಮ್ಮ ಬೇರೆ ದೇಶಕ್ಕೆ ಹೋಗಿದ್ದಾಳೆ ಅಂತ ಅರ್ಥ. ಕೂಗಬಾರದು. ರಕ್ತ ಬಂದ್ರೆ ಮಾತ್ರ ಕೂಗು."

"ಎಷ್ಟು ರಕ್ತ?"

"ಒಂದು ಚಮಚ."

ಮೂವರೂ ನಕ್ಕಿದ್ದರು. ಬಟಾಣಿ ಅಡುಗೆಮನೆಗೆ ಹೋಗಿ ಯಾವ ಚಮಚ ಎಂದು ತೋರಿಸಿ ಖಚಿತಪಡಿಸಿಕೊಂಡೂ ಬಂದಿದ್ದಳು.

ಕಾನೂನು ಚೆನ್ನಾಗಿಯೇ ನಡೆಯಿತು. ಶಾಲೆಯಿಂದ ಬಂದು ಶೂ ಬಿಚ್ಚಿ, ತಟ್ಟೆಯಲ್ಲಿ ಮುಚ್ಚಿಟ್ಟದ್ದನ್ನು ತಿಂದು, ಬಟಾಣಿ ಪರದೆಯ ಹತ್ತಿರ ಬಂದು ಒಂದು ಕಣ್ಣು ಹಾಕಿ ಹೋಗುತ್ತಿದ್ದಳು. ಅವಳ ಕಾಲಿನ ಸಪ್ಪಳ ಬಂದು, ನಿಂತು, ಹಿಂತಿರುಗುವುದು ಅಮ್ಮನಿಗೆ ಕೇಳುತ್ತಿತ್ತು. ಮೊದಮೊದಲು ಪೆನ್ನು ಒಂದು ಗಳಿಗೆ ನಿಲ್ಲುತ್ತಿತ್ತು. ಆಮೇಲೆ ರೂಢಿಯಾಯಿತು.

ಆ ಮಧ್ಯಾಹ್ನ ಅವಳು ಬರೆಯುತ್ತಿದ್ದುದು ಕಾಡು. ಒಂದು ಮರವನ್ನು ಬರೆದು ಅದನ್ನೇ ಮುದ್ರೆಯಂತೆ ಒತ್ತಿಕೊಂಡು ಹೋಗುವ ಸುಲಭದ ದಾರಿ ಇತ್ತು. ಆದರೆ ಕಾದಂಬರಿಕಾರ್ತಿ ಬೇಡವೆಂದಿದ್ದರು. ಅದು ಮುನಿಸಿಕೊಂಡು ಒಬ್ಬರ ಜತೆ ಒಬ್ಬರು ಮಾತುಬಿಟ್ಟ ಮರಗಳ ಕಾಡಂತೆ, ಒಂದರ ಹಾಗೆ ಇನ್ನೊಂದು ಇರಕೂಡದಂತೆ. ಅಷ್ಟೂ ಮರಗಳನ್ನು ಅವಳು ಕೈಯಲ್ಲೇ ಬರೆದಿದ್ದಳು. ಕೊನೆಯ ಮರಕ್ಕೆ ನೆರಳು ಕೊಟ್ಟು ಮುಗಿಸಿದಾಗ ಕೈಬೆರಳುಗಳು ಹಿಂಡಿದ ಬಟ್ಟೆಯ ಹಾಗಾಗಿದ್ದವು.

ಟೈಮರ್ ನಿಲ್ಲಿಸಲು ಕೈ ಚಾಚಿದಳು. ಹೊರಗೆ ಬಟಾಣಿಯ ಕಾಲಿನ ಸಪ್ಪಳ ಕೇಳಿಸಿತು.

ಉಂಗುರ ಬೂದುಬಣ್ಣಕ್ಕೆ ತಿರುಗಿದ ಗಳಿಗೆಯಿಂದಲೇ ಎಲ್ಲ ಶುರುವಾಗುತ್ತದೆಂದು ಅವಳಿಗೆ ಗೊತ್ತಿತ್ತು. ಅಮ್ಮ ಹಾಲು, ಅಮ್ಮ ಹೋಂವರ್ಕ್, ಅಮ್ಮ ಇಲ್ಲಿ ನೋಡು. ಮೆಷಿನ್ನಿನೊಳಗೆ ಒಗೆದು ಮುಗಿದ ಬಟ್ಟೆ ಮುದ್ದೆಯಾಗಿ ಕಾಯುತ್ತಿತ್ತು. ಅಕ್ಕಿ ತೊಳೆಯಬೇಕಿತ್ತು. ಚಾಚಿದ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಂಡಳು. ಪೆನ್ನನ್ನು ಬೆರಳಲ್ಲಿ ಹಿಡಿದೇ ಕುರ್ಚಿಗೆ ಒರಗಿದಳು. ಹಾಗೆ ಮಾಡಿದ್ದು ಮೊದಲ ಸಲವೇನಲ್ಲ. ಹಿಂದೆಯೂ ಒಂದೆರಡು ಸಲ, ಒಲೆಯ ಮೇಲೆ ಹಾಲು ಕಾಯುವಷ್ಟು ಹೊತ್ತು, ಹೀಗೆ ಕದ್ದು ಕೂತಿದ್ದಳು. ಆ ದಿನ ಹೊತ್ತು ಉದ್ದವಾಯಿತು. ಎದುರಿನ ಕಟ್ಟಡದಲ್ಲಿ ಒಬ್ಬ ಮನುಷ್ಯ ಕಾಲುಚೀಲಗಳನ್ನು ಜೋಡಿ ಜೋಡಿಯಾಗಿ ಹುಡುಕಿ ಒಣಹಾಕುತ್ತಿದ್ದ. ಅವನ ಕೆಲಸ ಮುಗಿಯುವವರೆಗೂ ನೋಡಿದಳು. ಡ್ರಾಯರಿನಲ್ಲಿ ಬಚ್ಚಿಟ್ಟಿದ್ದ ಬಿಸ್ಕತ್ತು ತೆಗೆದು, ಕಾಗದ ಸದ್ದಾಗದಂತೆ ಬಿಡಿಸಿ, ನೆನೆದು ಕರಗುವವರೆಗೆ ಬಾಯಲ್ಲಿಟ್ಟುಕೊಂಡು ತಿಂದಳು. ಹೊರಗೆ ಬಟಾಣಿ ಕೆಮ್ಮಿದಳು. ಒಂದು ವಾರದಿಂದ ನೆಗಡಿ. ಸ್ವಲ್ಪ ತಡೆದು ಮತ್ತೆ ಕೆಮ್ಮಿದಳು. ಕರೆದರೆ ಏಳೋಣ ಎಂದುಕೊಂಡು ಅವಳು ಕೂತೇ ಇದ್ದಳು. ಮಗಳು ಕರೆಯಲಿಲ್ಲ.

ಕಿಟಕಿಯ ಬಿಸಿಲು ಮಾಸಿದ ಮೇಲೆ ಉಂಗುರವನ್ನು ನಿಲ್ಲಿಸಿ ಹೊರಗೆ ಬಂದರೆ, ಬಟಾಣಿ ಮೆಷಿನ್ನಿನ ಪಕ್ಕದ ನೆಲದಲ್ಲಿ ಎಡಗಿವಿಯನ್ನು ಟೈಲ್ಸಿಗೆ ಒತ್ತಿಕೊಂಡು ನಿದ್ದೆಹೋಗಿದ್ದಳು. ಎಷ್ಟು ಜಾಣೆ, ಒಂದು ಸದ್ದೂ ಮಾಡದೆ ಆಡಿಕೊಂಡು ಮಲಗಿದೆ ಕೂಸು ಎಂದು ಅವಳು ಎತ್ತಿಕೊಂಡುಹೋಗಿ ಮಂಚದ ಮೇಲೆ ಹಾಕಿದಳು. ಮೈ ಬೆಚ್ಚಗಿದ್ದುದನ್ನು ನಿದ್ದೆಯ ಬಿಸಿ ಎಂದುಕೊಂಡಳು. ಊಟಕ್ಕೆ ಎಬ್ಬಿಸಿದರೆ ಏಳಲಿಲ್ಲ.

ಬೆಳಿಗ್ಗೆ ದಿಂಬಿನ ಮೇಲೆ ಹಳದಿ ಕಲೆಯಿತ್ತು. ಕಿವಿಯ ಹಾಲೆಯ ಮೇಲೂ ಒಣಗಿ ಅಂಟಿಕೊಂಡಿತ್ತು.

ಕಿವಿಯ ಡಾಕ್ಟರು ಸಣ್ಣ ದೀಪ ಹಾಕಿ ನೋಡಿದರು. ಒಳಗೆ ಕೀವು ತುಂಬಿ ಕಿವಿಯ ತಮಟೆ ಒಡೆದಿದೆ, ಚಿಕ್ಕ ತೂತು, ತಾನೇ ಮುಚ್ಚಿಕೊಳ್ಳುತ್ತದೆ, ಅಲ್ಲಿಯವರೆಗೆ ಆ ಕಡೆ ಸ್ವಲ್ಪ ಮಂದ ಕೇಳುತ್ತದೆ, ನೀರು ಹೋಗಬಾರದು ಎಂದರು. ಆಮೇಲೆ ಬಟಾಣಿಯನ್ನೇ ಕೇಳಿದರು.

"ನೋವು ಯಾವಾಗ ಶುರುವಾಯ್ತು ಪುಟ್ಟಾ?"

"ಅಮ್ಮ ಕಾಡು ಬರೀತಿದ್ದಾಗ."

ಡಾಕ್ಟರು ಅಮ್ಮನ ಮುಖ ನೋಡಿದರು. "ನಿನ್ನೆ ಮಧ್ಯಾಹ್ನ" ಎಂದಳು ಅವಳು.

"ಇಂಥ ನೋವು ತಡಕೊಳ್ಳೋಕಾಗಲ್ಲ. ಅಮ್ಮನಿಗೆ ಹೇಳ್ಲಿಲ್ವಾ?"

"ಕೆಂಪಿತ್ತು" ಎಂದಳು ಬಟಾಣಿ. ಡಾಕ್ಟರಿಗೆ ಅರ್ಥವಾಗಲಿಲ್ಲವೆಂದು ಕಂಡು ಬಿಡಿಸಿ ಹೇಳಿದಳು, "ರಕ್ತ ಬರ್ಲಿಲ್ಲ. ಬೆರಳು ಹಾಕಿ ನೋಡ್ದೆ. ಬರೀ ನೋವಿತ್ತು."

ಕೆಲಸದ ನಡುವೆಯೇ ಗ್ರೀಸಿನ ಕೈಯಲ್ಲಿ ಓಡಿಬಂದು ಗೋಡೆಗೆ ಒರಗಿ ನಿಂತಿದ್ದ ಗಂಡ ತಲೆ ತಗ್ಗಿಸಿದ. "ಮೊದಲೇ ತಂದಿದ್ರೆ?" ಎಂದು ಅಮ್ಮ ಕೇಳಿದಳು. "ತಂದಿದ್ರೂ ಒಡೀತಿತ್ತೇನೋ, ಒಡೀತಿರ್ಲಿಲ್ಲವೇನೋ. ನೋವಿಗಂತೂ ಔಷಧಿ ಕೊಡಬಹುದಿತ್ತು" ಎಂದು ಡಾಕ್ಟರು ಚೀಟಿ ಬರೆಯತೊಡಗಿದರು.

ಮೆಟ್ಟಿಲು ಇಳಿಯುವಾಗ ಗಂಡ ಮಗಳನ್ನು ಎತ್ತಿಕೊಂಡಿದ್ದ. "ನನ್ನ ನಾಲಿಗೆ ಸೀದುಹೋಗ. ಒಂದು ಚಮಚ ಅಂದೆ. ಮಗುವಿನ ಹತ್ರ ಆಡೋ ಮಾತಾ ಅದು?"

"ನೀವು ತಮಾಷೆಗೆ ಅಂದ್ರಿ" ಎಂದಳು ಅವಳು.

"ಅವಳಿಗೇನು ಗೊತ್ತು ತಮಾಷೆ. ನೀನೋ ಕೆಲಸದಲ್ಲಿ ಮುಳುಗಿದ್ದೆ. ನಿಂಗೆ ಹೇಗೆ ಗೊತ್ತಾಗಬೇಕು?"

ಅಲ್ಲೇ ಹೇಳಬಹುದಿತ್ತು. ಒಂದು ಮೆಟ್ಟಿಲು, ಇನ್ನೊಂದು ಮೆಟ್ಟಿಲು ಎಂದು ಇಳಿದು ಬೀದಿಗೆ ಬಂದರು. ಔಷಧಿ ಅಂಗಡಿಯಲ್ಲಿ ಜನ ಇದ್ದರು. ಅವಳು ಹೇಳಲಿಲ್ಲ.

ಮನೆಗೆ ಬಂದು, ಮಗಳನ್ನು ಮಲಗಿಸಿ, ಟೈಮರ್ ತೆಗೆದು ನೋಡಿದಳು. ಲೆಕ್ಕದ ಪುಟದಲ್ಲಿ ಹಿಂದಿನ ದಿನದ ಕೆಂಪು ಪಟ್ಟಿ ಉದ್ದಕ್ಕೆ ಮಲಗಿತ್ತು. ಅದರ ಮೇಲೆ 'ಕಾಡು' ಎಂದು ಅವಳೇ ಬರೆದಿದ್ದಳು. ಕೊನೆಯ ಮರ ಎಲ್ಲಿ ಮುಗಿಯಿತು ಎಂದು ಅಂದಾಜು ಮಾಡಿ, ಅಲ್ಲಿಂದಾಚೆಯದನ್ನು ಅಳಿಸಿದಳು. ಮಾಡದ ಕೆಲಸಕ್ಕೆ ಲೆಕ್ಕ ತೋರಿಸದಿರುವುದು ಸರಿಯೇ ಆಗಿತ್ತು. ಆದರೂ ಅಳಿಸಿ ಆದ ಮೇಲೆ ನೆಲಕ್ಕೆ ಚೆಲ್ಲಿದ್ದನ್ನು ಯಾರೂ ನೋಡುವ ಮೊದಲು ಒರೆಸಿದವಳ ಹಾಗೆ ಅವಳು ಹಿಂದಕ್ಕೆ ತಿರುಗಿ ಪರದೆಯ ಕಡೆ ನೋಡಿದಳು.

ಗಂಡ ತಮಾಷೆ ಮಾಡುವುದನ್ನು ಬಿಟ್ಟುಬಿಟ್ಟ. ಬಾಯಿತುದಿಗೆ ಬಂದ ಮಾತನ್ನೂ ಅಲ್ಲೇ ತಡೆದು ನುಂಗುತ್ತಿದ್ದುದು ಅವಳಿಗೆ ಕಾಣುತ್ತಿತ್ತು. ಬಟಾಣಿ "ಅಪ್ಪ, ಲಿಫ್ಟಲ್ಲಿ ಸಿಕ್ಕಿಹಾಕಿಕೊಂಡ ದಪ್ಪ ಮಾವನ ಥರ ಮಾತಾಡು" ಎಂದರೆ "ಇವತ್ತು ಬೇಡಮ್ಮ" ಎನ್ನುತ್ತಿದ್ದ. ಅವನು ಹೊತ್ತ ಹೊರೆ ತನ್ನದೆಂದು ಗೊತ್ತಿದ್ದೂ ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತಿದ್ದಳು.

ಕಾದಂಬರಿಕಾರ್ತಿ ಫೋನು ಮಾಡಿ, "ಮಗು ಹೇಗಿದೆಯಮ್ಮ? ಅವಸರ ಮಾಡ್ಬೇಡ. ನಾನೂ ಬರೀತಾ ಕೂತು ಎಷ್ಟು ಸಲ ಹಾಲು ಉಕ್ಕಿಸಿದ್ದೀನಿ. ಕೆಲಸದಲ್ಲಿದ್ದಾಗ ಕಿವಿ ಕೇಳಿಸಲ್ಲ, ಅದೇನು ತಪ್ಪಲ್ಲ" ಎಂದರು. "ಹೂಂ ಮೇಡಂ" ಎಂದಳು. ಆ ಸಮಾಧಾನ ಬೇರೆ ಯಾರದೋ ವಿಳಾಸಕ್ಕೆ ಬಂದ ಪಾರ್ಸೆಲ್ಲಿನ ಹಾಗಿತ್ತು. ಸಹಿ ಹಾಕಿ ಇಟ್ಟುಕೊಂಡಿದ್ದಳು.

ಶಾಲೆಗೆ ರಜೆ ಹಾಕಿದ ದಿನಗಳಲ್ಲಿ ಬಟಾಣಿ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು, ಕಿವಿಗೆ ಹನಿ ಹಾಕಿಸಿಕೊಂಡು, ಅದು ಒಳಗಿಳಿಯುವವರೆಗೆ ಅಲುಗಾಡದೆ ಮಲಗುತ್ತಿದ್ದಳು. ಆ ಹೊತ್ತಿನಲ್ಲಿ ಅವಳು ಒಂದು ಕೈಯಲ್ಲಿ ಮಗಳ ಕೂದಲು ಸವರುತ್ತಾ ಇನ್ನೊಂದು ಕೈಯಲ್ಲಿ ದೀಪದ ಗೋಪುರ ಬರೆದಳು. "ಇದರ ಕಿಟಕೀಲಿ ಒಂದು ಬೆಕ್ಕಿರಲಿ" ಎಂದಳು ಬಟಾಣಿ. ಬೆಕ್ಕು ಬಂತು. ಎಡಗಡೆಯಿಂದ ಮಾತಾಡಿಸಿದರೆ ಮಗಳು ತಿರುಗುತ್ತಿರಲಿಲ್ಲ. ಪ್ರತಿ ಸಲವೂ ಅವಳು ಬಲಗಡೆಗೆ ಹೋಗಿ ಮತ್ತೆ ಹೇಳುತ್ತಿದ್ದಳು.

ಭಾನುವಾರ ಮಧ್ಯಾಹ್ನ ನಕ್ಷೆಗೆ ಹೆಸರುಗಳನ್ನು ಬರೆದು ಅಲ್ಲಲ್ಲಿ ತಿದ್ದುವುದಷ್ಟೇ ಉಳಿದಿತ್ತು. "ಸಿನಿಮಾ ತೋರಿಸು" ಎಂದು ಬಟಾಣಿ ಹಟ ಹಿಡಿದಳು. ಎಳೆದ ಪ್ರತಿ ಗೆರೆಯನ್ನೂ ಟ್ಯಾಬ್ಲೆಟ್ಟು ನೆನಪಿಟ್ಟುಕೊಂಡಿರುತ್ತದೆ. ಕೇಳಿದರೆ ಮೊದಲಿನಿಂದ ವೇಗವಾಗಿ ಓಡಿಸಿ ತೋರಿಸುತ್ತದೆ. ನಡುವೆ ಪೆನ್ನು ನಿಂತ ಹೊತ್ತೆಲ್ಲ ಅದರಲ್ಲಿ ಇರುವುದಿಲ್ಲ. ಬಟಾಣಿಗೆ ಅದೇ ಸಿನಿಮಾ. ಮೂವರೂ ಮಂಚದ ಮೇಲೆ ಗೋಡೆಗೊರಗಿ ಕೂತರು.

ಖಾಲಿ ಹಾಳೆಯ ಮೇಲೆ ಕಡಲಿನ ಅಂಚು ದಾರ ಬಿಚ್ಚಿಕೊಂಡ ಹಾಗೆ ಓಡಿತು. ಬೆಟ್ಟಗಳು ಅಣಬೆಗಳಂತೆ ಎದ್ದವು. "ನನ್ನ ಹಲ್ಲು!" ಎಂದು ಬಟಾಣಿ ಬೆರಳು ತೋರಿಸಿದಳು. ನದಿ ಹರಿಯಿತು, ಅಳಿಯಿತು, ಮತ್ತೆ ಹರಿಯಿತು. ಮರಳುಗಾಡಿಗೆ ಚುಕ್ಕಿ ಬೀಳುವಾಗ ಗಂಡ ತನ್ನ ಬೆನ್ನು ಮುಟ್ಟಿಕೊಂಡ. ಕಾಡು ತುಂಬಿತು, ಕೊನೆಯ ಮರಕ್ಕೆ ನೆರಳು ಬಿತ್ತು, ಅದರ ಬೆನ್ನಿಗೇ ದೀಪದ ಗೋಪುರ ಏಳತೊಡಗಿತು.

"ನಿಲ್ಲಿಸು" ಎಂದಳು ಬಟಾಣಿ. "ಸ್ವಲ್ಪ ಹಿಂದೆ ಹೋಗು."

ಅಮ್ಮ ಹಿಂದಕ್ಕೆ ಓಡಿಸಿದಳು. ಮರ, ನೆರಳು, ಗೋಪುರ.

"ಈ ಮರ ಮುಗಿದಿದ್ದು ನಾನು ನೋಡಿದ್ದೆ ಅಮ್ಮ. ಪರದೆ ಸಂದಿಯಿಂದ. ಕಿವಿ ನೋವು ಜಾಸ್ತಿ ಆದಾಗ ಬಂದು ನೋಡ್ದೆ, ಕಾಡು ಪೂರ್ತಿ ಆಗಿತ್ತು. ಆಮೇಲೂ ತುಂಬಾ ಹೊತ್ತು ಕೆಂಪಿತ್ತು. ಗೋಪುರ ಬರೆದಿದ್ದು ಡಾಕ್ಟರ ಹತ್ರ ಹೋಗಿ ಬಂದ್ಮೇಲೆ. ನಡುವೆ ಏನು ಬರೀತಿದ್ದೆ? ಇದರಲ್ಲಿ ಬರ್ತಾನೇ ಇಲ್ಲ."

ಕೇಳಿದ್ದರಲ್ಲಿ ಯಾವ ಕೊಂಕೂ ಇರಲಿಲ್ಲ. ಕಾಣದ ತುಣುಕೊಂದು ಎಲ್ಲಿ ಹೋಯಿತೆಂದು ಕೇಳುವ ದನಿ.

"ಯೋಚನೆ ಮಾಡ್ತಿದ್ದೆ ಕಂದ, ಮುಂದೆ ಏನು ಬರೀಲಿ ಅಂತ" ಎಂದಳು ಅವಳು. ಮಾತು ತಾನಾಗಿಯೇ ಬಂದಿತ್ತು, ಬಹಳ ದಿನದಿಂದ ಸಿದ್ಧವಾಗಿದ್ದ ಹಾಗೆ.

"ಓ" ಎಂದಳು ಬಟಾಣಿ.

"ಯೋಚನೆಯೂ ಕೆಲಸಾನೇ ಕಣೇ. ಕಷ್ಟದ ಕೆಲಸ" ಎಂದ ಗಂಡ, ಹೆಂಡತಿಯ ಬೆಂಬಲಕ್ಕೆ.

ಬಟಾಣಿ ತಲೆಯಾಡಿಸಿ ಅಮ್ಮನ ಭುಜಕ್ಕೆ ಮತ್ತೆ ಒರಗಿಕೊಂಡಳು. ಕಿವಿಯೊಳಗಿನ ಹತ್ತಿ ಅವಳ ತೋಳಿಗೆ ತಾಗಿತು. ಮಗಳು ಇಷ್ಟು ಸುಲಭವಾಗಿ ನಂಬಿದ್ದನ್ನು ಅಮ್ಮನಿಂದ ತಡೆದುಕೊಳ್ಳಲಾಗಲಿಲ್ಲ. ಇದನ್ನೂ ಈ ಕೂಸು ಹಾಗೇ ಒಳಗಿಟ್ಟುಕೊಳ್ಳುತ್ತದೆ. ನಾಳೆ ಅಮ್ಮ ಯೋಚನೆ ಮಾಡುತ್ತಿರಬಹುದೆಂದು ಬೂದುಬಣ್ಣದ ಉಂಗುರದ ಎದುರೂ ನಿಂತು ಹಿಂತಿರುಗುತ್ತದೆ.

"ಇಲ್ಲ ಬಟಾಣಿ. ಯೋಚನೆ ಮಾಡ್ತಿರ್ಲಿಲ್ಲ. ಸುಮ್ಮನೆ ಕೂತಿದ್ದೆ. ಕೆಲಸ ಮುಗಿದಿತ್ತು. ಕೆಂಪು ಹಾಗೇ ಬಿಟ್ಟಿದ್ದೆ."

"ಮರೆತುಹೋಗಿ?"

"ಬೇಕಂತಲೇ."

ಗಂಡ ತಿರುಗಿ ನೋಡಿದ. ಬಟಾಣಿ ಭುಜದಿಂದ ತಲೆಯೆತ್ತಿದಳು.

"ನಾನು ಓಡಾಡ್ತಿದ್ದಿದ್ದು ಕೇಳಿಸ್ತಿತ್ತಾ?"

"ಕೇಳಿಸ್ತಿತ್ತು."

"ನಾನು ಎರಡು ಸಲ ಕೆಮ್ಮಿದೆ. ಸುಳ್ಳು ಕೆಮ್ಮು. ಕೂಗಬಾರದಿತ್ತಲ್ಲ, ಅದಕ್ಕೆ."

"ಅದೂ ಕೇಳಿಸ್ತು" ಎಂದಳು ಅಮ್ಮ.

"ನನ್ನಿಂದ ಬೇಜಾರಾಗಿತ್ತಾ?"

"ನಿನ್ನಿಂದ ಅಲ್ಲ ಮರಿ. ಯಾರೂ ಏನೂ ಕೇಳದೆ ಸ್ವಲ್ಪ ಹೊತ್ತು ಕೂರಬೇಕು ಅನ್ನಿಸಿತ್ತು. ಹಾಗಂತ ಹೇಳಿ ಕೂರಬಹುದಿತ್ತು. ಸುಳ್ಳು ಹೇಳಿ ಕೂತೆ. ನಿಂಗೆ ನೋವಿದೆ ಅಂತ ಗೊತ್ತಿದ್ರೆ ಎದ್ದೇ ಏಳ್ತಿದ್ದೆ. ಆದ್ರೆ ಗೊತ್ತಾಗೋ ದಾರಿಯನ್ನ ನಾನೇ ಮುಚ್ಚಿದ್ದೆ. ತಪ್ಪು ನಂದು. ನಿಂದಲ್ಲ, ಅಪ್ಪಂದೂ ಅಲ್ಲ."

ಬಟಾಣಿ ಟ್ಯಾಬ್ಲೆಟ್ಟನ್ನು ಅಮ್ಮನ ತೊಡೆಯ ಮೇಲಿಟ್ಟು ಮಂಚದಿಂದ ಇಳಿದಳು. ಸಿನಿಮಾ ಅರ್ಧಕ್ಕೇ ನಿಂತಿತ್ತು. ಹಜಾರಕ್ಕೆ ಹೋಗಿ ಪುಸ್ತಕಗಳನ್ನು ಚೀಲಕ್ಕೆ ತುಂಬಿ, ಹೊರಗೆ ತೆಗೆದು, ಮತ್ತೆ ತುಂಬುವ ಸದ್ದು ಕೇಳಿಸಿತು.

"ಇಷ್ಟು ದಿನ ನನ್ನ ಬಾಯಿಗೆ ಬೀಗ ಹಾಕಿಸಿದ್ಯಲ್ಲೇ" ಎಂದ ಗಂಡ.

"ಹೇಳೋಕೆ ಧೈರ್ಯ ಬರ್ಲಿಲ್ಲರೀ."

"ಮಗಳು ಪರದೆ ಹೊರಗೆ, ನಾನು ಅದಕ್ಕಿಂತ ಹೊರಗೆ" ಎಂದು ಅವನು ಎದ್ದ. ಸಿಟ್ಟಿಗಿಂತ ದಣಿವಿತ್ತು ದನಿಯಲ್ಲಿ. ಮೆಷಿನ್ನಿನ ಹಿಂದಿನ ಪೈಪು ಸಡಿಲಾಗಿದೆ ಎಂದು ಯಾರೂ ಹೇಳದಿದ್ದರೂ ಸ್ಪ್ಯಾನರ್ ತೆಗೆದುಕೊಂಡು ಹೋಗಿ ಅದರ ಮುಂದೆ ಕೂತ. ಚಹಾ ಮಾಡಿಕೊಟ್ಟಾಗ ಸ್ಪ್ಯಾನರ್ ಕೆಳಗಿಡದೆ ತೆಗೆದುಕೊಂಡ. ರಾತ್ರಿ ಊಟದ ಹೊತ್ತಿಗೆ, ನೀರಿನ ಲೋಟ ಮುಂದಕ್ಕೆ ತಳ್ಳುತ್ತಾ, "ಸುಮ್ಮನೆ ಕೂರಬೇಕು ಅನ್ನಿಸಿದ್ರೆ ನಂಗೆ ಹೇಳು. ಇವಳನ್ನ ಕರ್ಕೊಂಡು ಒಂದು ಸುತ್ತು ಹೋಗಿ ಬರ್ತೀನಿ. ಅಷ್ಟೂ ಕೇಳಬಾರದಾ?" ಎಂದ.

ಮರುದಿನ ಕಾದಂಬರಿಕಾರ್ತಿಗೂ ಹೇಳಿದಳು, ನಕ್ಷೆ ಮುಗಿಯುವುದು ತಡವಾಗುತ್ತದೆಂದು. ಉಂಗುರದ ವಿಷಯವನ್ನೂ ಹೇಳಿದಳು. "ಆಗಲಮ್ಮ" ಎಂದರು ಅವರು. ಆ ಸಲ ಸಮಾಧಾನ ಹೇಳಲಿಲ್ಲ. ಅದೇ ಅವಳಿಗೆ ಸರಿಯೆನ್ನಿಸಿತು.

ಬಟಾಣಿ ಅಮ್ಮನ ಜತೆ ಮಾತು ಬಿಡಲಿಲ್ಲ. ಹಾಲು ಕೇಳಿದಳು, ಜಡೆ ಹಾಕಿಸಿಕೊಂಡಳು, ಹನಿ ಹಾಕುವಾಗ ಅಲುಗದೆ ಮಲಗಿದಳು. ಆದರೆ ತಾನಾಗಿ ಏನನ್ನೂ ಹೇಳಲಿಲ್ಲ. ಶಾಲೆಯಲ್ಲಿ ಏನಾಯ್ತು ಎಂದರೆ "ಏನಿಲ್ಲ". ಕಿವಿ ಹೇಗಿದೆ ಎಂದರೆ "ಇದೆ". ಉಂಗುರ ಬೂದುಬಣ್ಣದಲ್ಲಿದ್ದಾಗಲೂ ಪರದೆಯತ್ತ ಸುಳಿಯಲಿಲ್ಲ. ಅಮ್ಮ ಪರದೆಯನ್ನೇ ಬಿಚ್ಚಿ ಒಗೆಯಲು ಹಾಕಿದಳು, ಒಣಗಿದ ಮೇಲೂ ಕಟ್ಟಲಿಲ್ಲ. ಬಾಗಿಲಿನ ಸಂದಿಯಿಂದ ಹಜಾರದ ಒಂದು ಚೂರು ಕಾಣುತ್ತಿತ್ತು. ಅಲ್ಲಿ ಮಗಳ ಮೊಣಕಾಲು, ಪುಸ್ತಕದ ಅಂಚು. ಹೆಸರು ಬರೆಯುತ್ತಾ ಬರೆಯುತ್ತಾ ಅತ್ತ ಕಿವಿ ಕೊಟ್ಟಿರುತ್ತಿದ್ದಳು. ಮರಳುಗಾಡಿನ ಹೆಸರಿನಲ್ಲಿ ಎರಡು ಸಲ ಅಕ್ಷರ ಬಿಟ್ಟಳು.

ಆ ವಾರದ ಕೊನೆಗೆ, ಅವಳು ಟೈಮರ್ ಒತ್ತಿ ಕಡಲಿಗೆ ಅಲೆಗಳನ್ನು ತಿದ್ದುತ್ತಿದ್ದಾಗ, ಹಜಾರದಿಂದ ಕೂಗು ಬಂತು.

"ಅಮ್ಮ."

ಪೆನ್ನು ಉರುಳಿ ಮೇಜಿನಿಂದ ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳದೆ, ಮೆಷಿನ್ನಿನ ಮೂಲೆಗೆ ಸೊಂಟ ತಗುಲಿಸಿಕೊಂಡು ಅವಳು ಹೊರಗೆ ಬಂದಳು. ಬಟಾಣಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಮುಂದೆ ಪುಸ್ತಕವಿತ್ತು. ಅಳುತ್ತಿರಲಿಲ್ಲ.

"ಏನು ಮರಿ? ನೋವಾ?"

"ಇಲ್ಲ."

"ಮತ್ತೆ?"

"ಏನಿಲ್ಲ. ಏಳ್ತೀಯಾ ಅಂತ ನೋಡ್ದೆ."

"ಎದ್ದೆನಲ್ಲ."

"ಹೂಂ" ಎಂದಳು ಬಟಾಣಿ, ಅಮ್ಮನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿ. "ಈಗ ಹೋಗು. ಬರ್ಕೋ."

ಅವಳು ಹೋಗಿ ಕೂತಳು. ನಾಲ್ಕು ಅಲೆ ತಿದ್ದುವಷ್ಟರಲ್ಲಿ ಮತ್ತೆ ಕೂಗು ಬಂತು, ಎದ್ದುಹೋದಳು, ಏನೂ ಇರಲಿಲ್ಲ. ಮತ್ತೆ ಬಂತು, ಮತ್ತೆ ಎದ್ದಳು. ಸೊಂಟ ಉರಿಯುತ್ತಿತ್ತು. ಸಂಜೆಯವರೆಗೂ ಕಡಲು ಒಂದು ಬೆರಳಿನಷ್ಟೂ ಮುಂದೆ ಹೋಗಲಿಲ್ಲ. ಪ್ರತಿ ಸಲ ಏಳುವಾಗಲೂ, ಮಗಳು ಇನ್ನೊಂದು ಸಲ ಕೂಗಲಿ ಎಂದು ಅವಳು ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು.